ಸನ್ ಕಾನ್ಯೂರ್ ಗಿಳಿಮರಿಯ ಕ್ರಾಪ್ (ಕುತ್ತಿಗೆ ಬುಡದ ಆಹಾರ ಚೀಲ) ಖಾಲಿಯಾಗುತ್ತಿಲ್ಲ, ಏನು ಮಾಡಲಿ?

ಹುಳುಮನೆ, ಶಿಡ್ಲಘಟ್ಟ
ಮರಿಗೆ 12 ದಿನ. ತಾಯಿ ಗುಟುಕು ಕೊಡುವುದು ಬಿಟ್ಟಿತು, ಮೂರು ದಿನದಿಂದ ನಾನೇ ಸಿರಿಂಜ್‌ನಲ್ಲಿ ಫಾರ್ಮುಲಾ (ಮರಿಗೆಂದೇ ಸಿಗುವ ಹಿಟ್ಟಿನ ಆಹಾರ) ಕೊಡುತ್ತಿದ್ದೇನೆ. ರಾತ್ರಿ ಹತ್ತಕ್ಕೆ ಕೊಟ್ಟಿದ್ದು ಬೆಳಗ್ಗೆ ಆರಾದರೂ ಕ್ರಾಪ್‌ನಲ್ಲಿ ಹಾಗೇ ಇದೆ. ಮುಟ್ಟಿದರೆ ಹಿಟ್ಟಿನ ಮುದ್ದೆ ಥರ. ಬ್ರೂಡರ್ (ಮರಿ ಬೆಚ್ಚಗಿಡುವ ಪೆಟ್ಟಿಗೆ) 33 ಡಿಗ್ರಿ ತೋರಿಸುತ್ತಿದೆ. ಫಾರ್ಮುಲಾ ಬದಲಿಸಬೇಕಾ?

ಗೂಡು, ತುಮಕೂರು
ಸದ್ಯಕ್ಕೆ ಒಂದು ಗುಟುಕೂ ಹಾಕಬೇಡಿ. ಹಳಸಿದ್ದರ ಮೇಲೆ ಹೊಸದು ಬಿದ್ದರೆ ಅದೂ ಹಳಸುತ್ತದೆ. ಫಾರ್ಮುಲಾ ವಿಷಯ ಆಮೇಲೆ. ಮರಿಯ ಕಾಲು ತಣ್ಣಗಿದೆಯಾ? ಥರ್ಮಾಮೀಟರ್ ಎಲ್ಲಿಟ್ಟಿದ್ದೀರಿ? ರಾತ್ರಿ ಕರೆಂಟ್ ಹೋಗಿತ್ತಾ?

ಹುಳುಮನೆ
ಕಾಲು ತಣ್ಣಗಿದೆ ಅಣ್ಣ. ಥರ್ಮಾಮೀಟರ್ ಬಲ್ಬ್ ಪಕ್ಕ ನೇತುಹಾಕಿದ್ದೆ. ಈಗ ಮರಿ ಮಲಗಿರುವ ಕಡೆ ಇಟ್ಟರೆ 28! ಎರಡರಿಂದ ನಾಲ್ಕು ಗಂಟೆವರೆಗೆ ಕರೆಂಟ್ ಇರಲಿಲ್ಲವಂತೆ, ಅಮ್ಮ ಹೇಳಿದರು. ಚಾಕಿ ಹುಳಕ್ಕೆ (ರೇಷ್ಮೆಯ ಎಳೆ ಹುಳ) ತಟ್ಟೆ ಪಕ್ಕದಲ್ಲೇ ಥರ್ಮಾಮೀಟರ್ ಇಡುವ ಮನೆ ನಮ್ಮದು. ಇಲ್ಲಿ ಮಾತ್ರ ಮರೆತೆ.

ಹಳೇ ಪಂಜರ, ಕೋಲಾರ
ತಲೆಕೆಳಗೆ ಹಿಡಿದು ಮೆಲ್ಲಗೆ ಒತ್ತಿ, ಹೊರಗೆ ಬರುತ್ತೆ.

ಗೂಡು
ದಯವಿಟ್ಟು ಬೇಡ! ಅದು ಶ್ವಾಸನಾಳಕ್ಕೆ ಹೋದರೆ ಮರಿ ನಿಮಿಷದಲ್ಲಿ ಸಾಯುತ್ತದೆ. ಟ್ಯೂಬ್ ಹಾಕಿ ತೆಗೆಯುವುದು ಡಾಕ್ಟರ್ ಕೆಲಸ.

ಮೈ ತಣ್ಣಗಾದರೆ ಹೊಟ್ಟೆಯೂ ನಿಲ್ಲುತ್ತದೆ. ಮೊದಲು ಮರಿ ಮಲಗುವ ಜಾಗ 33ಕ್ಕೆ ಬರಲಿ. ಮೈ ಬೆಚ್ಚಗಾದ ಮೇಲೆ ನಾಲ್ಕೈದು ಹನಿ ಉಗುರು ಬೆಚ್ಚಗಿನ ನೀರು ಕೊಟ್ಟು, ಕ್ರಾಪ್ ಮೇಲೆ ಬೆರಳಿಂದ ಹಗುರವಾಗಿ ಸವರಿ. ಹುಳಿ ವಾಸನೆ ಬಂದರೆ, ಅಥವಾ ಮಧ್ಯಾಹ್ನದವರೆಗೂ ಇಳಿಯದಿದ್ದರೆ ಕಾಯಬೇಡಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೊರಡಿ. ಶಿಲೀಂಧ್ರದ ಔಷಧಿಯನ್ನು ಅಂದಾಜಿನ ಮೇಲೆ ಹಾಕಬೇಡಿ.

ಅಂದಹಾಗೆ, ವಿದೇಶಿ ಪ್ರಾಣಿ-ಪಕ್ಷಿ ಸಾಕುವವರ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪೋರ್ಟಲ್ ಪರಿವೇಶ್‌ನಲ್ಲಿ ನೋಂದಣಿ ಆಗಿದೆ ಅಲ್ವಾ? ನಮ್ಮ ಕಡೆ ಬೀದಿಗೊಬ್ಬರ ಮನೆಯಲ್ಲಿ ಕಿರುಚುತ್ತದೆ ಅಂತ ಸಾಮಾನ್ಯ ಹಕ್ಕಿ ಅಂದುಕೊಂಡಿದ್ದೇವೆ. ಹಿಡಿದು ಮಾರಿ ಮಾರಿ, ಅದರ ಸ್ವಂತ ಊರಾದ ಗಯಾನಾ, ಉತ್ತರ ಬ್ರೆಜಿಲ್‌ನಲ್ಲೇ ಈಗ ಅಪರೂಪ.

ಹುಳುಮನೆ
ನೋಂದಣಿ ಆಗಿದೆ. ಹನ್ನೊಂದೂವರೆಗೆ ಕ್ರಾಪ್ ಮುಕ್ಕಾಲು ಇಳಿಯಿತು, ಹಿಕ್ಕೆಯೂ ಹಾಕಿತು. ವಾಸನೆ ಇಲ್ಲ. ಇನ್ನೊಂದು ಅನುಮಾನ: ಫಾರ್ಮುಲಾ 40 ಡಿಗ್ರಿಗೆ ಕಲಸುತ್ತೇನೆ, ಕೊನೆಯ ಗುಟುಕಿಗೆ 36 ಆಗಿರುತ್ತದೆ.

ಗೂಡು
ಅದೂ ಕಾರಣವೇ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ. ಮೈಕ್ರೋವೇವ್ ಮಾತ್ರ ಬೇಡ, ಅಲ್ಲಲ್ಲಿ ಕುದಿ ಬಿಸಿಯಾಗಿ ಕ್ರಾಪ್ ಸುಟ್ಟುಹೋಗುತ್ತದೆ. ಪೂರ್ತಿ ಖಾಲಿಯಾದ ಮೇಲೆ ಮೊದಲ ಗುಟುಕು ತೆಳ್ಳಗೆ, ಅರ್ಧ ಪ್ರಮಾಣ. ಆಮೇಲೆ ತೂಕದ ಹತ್ತನೇ ಒಂದು ಭಾಗ: 40 ಗ್ರಾಂ ಮರಿಗೆ 4 ಎಂಎಲ್. ಇವತ್ತು ರಾತ್ರಿ ಯುಪಿಎಸ್ ಇದೆಯಾ?

ಹುಳುಮನೆ
ಹುಳುಮನೆಯದ್ದನ್ನು ಎತ್ತಿಕೊಂಡು ಬಂದೆ. ಅಪ್ಪ ಬೈಯುತ್ತಿದ್ದಾರೆ.