ಬೆಳಿಗ್ಗೆ ಫೋನ್ ಹಿತ, ಸಂಜೆ ಅದೇ ಫೋನ್ ಖಾಲಿ ಖಾಲಿ. ಯಾಕೆ?

ಡೊಂಬಿವಲಿ ಈಸ್ಟ್:
ಮುಂಬೈನ ಫೋರ್ಟ್‌ನಲ್ಲಿ ಆಫೀಸು, ಡೊಂಬಿವಲಿಯಲ್ಲಿ ಮನೆ. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಏನಾದರೂ ಕೇಳುತ್ತೇನೆ, ಇಲ್ಲದಿದ್ದರೆ ಧಾರವಾಡದಿಂದ ಅವ್ವ ಕಳಿಸಿದ ವಾಯ್ಸ್ ಮೆಸೇಜ್ ಕೇಳುತ್ತೇನೆ. ಇಳಿಯುವಾಗ ಮನಸ್ಸು ಹಗುರ. ಸಂಜೆ ಅದೇ ಫೋನ್, ಅದೇ ದಾರಿ. ದಾದರ್ ಹತ್ತಿರ ರೀಲ್ಸ್ ಶುರು ಮಾಡಿದರೆ ಠಾಣೆ ಬಂದದ್ದೂ ಗೊತ್ತಾಗುವುದಿಲ್ಲ. ಯಾರೋ ಪಾವ್‌ಭಾಜಿ ಮಾಡಿದ್ದು, ಯಾರೋ ಷೇರು ತಗೊಳ್ಳಿ ಅಂತ ಕೂಗಿದ್ದು, ನಡುವೆ ಒಂದು ಬೆಕ್ಕು. ಇಳಿದ ಮೇಲೆ ಒಂದೂ ನೆನಪಿಲ್ಲ, ತಲೆ ಮಾತ್ರ ಭಾರ. ಯಾಕೆ ಹೀಗೆ? ಫೋನ್ ಬಿಟ್ಟುಬಿಡಿ ಅಂತ ಮಾತ್ರ ಹೇಳಬೇಡಿ. ತರಕಾರಿಯವನಿಗೆ ದುಡ್ಡು ಕೊಡೋದೂ ಅದರಲ್ಲೇ.

ಮುಲುಂಡ್ ಮೇಷ್ಟ್ರು:
ಇದು ನಿಮ್ಮೊಬ್ಬರ ಕಥೆ ಅಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೈ ಲುಕಾಫ್ ಮತ್ತು ಜೊತೆಯವರು 2018ರಲ್ಲಿ ಇದೇ ವಿಷಯದ ಮೇಲೆ ಅಧ್ಯಯನ ಮಾಡಿದರು. ಜನ ಫೋನ್ ಬಳಸುವ ಹೊತ್ತಿನಲ್ಲೇ ಅವರನ್ನು ಕೇಳಿದರು, ಇದರಿಂದ ಏನಾದರೂ ಸಿಕ್ಕಿತಾ ಅಂತ. ಅಭ್ಯಾಸಬಲದಿಂದ, ಸುಮ್ನೆ ಹೊತ್ತು ಕಳೆಯೋಕೆ ಫೋನ್ ತೆಗೆದಾಗ ಅರ್ಥ ಕಡಿಮೆ ಅನಿಸಿತ್ತು. ಇನ್ನೊಬ್ಬರ ಜೊತೆ ಮಾತಾಡೋಕೆ, ಯಾವುದೋ ಒಂದು ಕೆಲಸಕ್ಕೆ ಅಂತ ತೆಗೆದಾಗ ಜಾಸ್ತಿ.

ಆದರೆ ತಪ್ಪೆಲ್ಲ ನಿಮ್ಮದೇ ಅಂತ ತಿಳಿಯಬೇಡಿ. ಮೊದಲು ವೆಬ್‌ಸೈಟುಗಳಲ್ಲಿ ಪುಟ 1, ಪುಟ 2 ಅಂತ ಇರುತ್ತಿತ್ತು, ಮುಂದಿನದನ್ನು ಒತ್ತುವ ಮುಂಚೆ ಒಂದು ಕ್ಷಣ ಬೇಕಾ ಬೇಡವಾ ಅಂತ ಯೋಚನೆ ಬರುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದ ಸ್ಕ್ರೋಲ್ ರೂಪಿಸಿದರು. ಆ ಕ್ಷಣ ಹೋಯಿತು. ಆಮೇಲೆ ಅವರೇ ಅದರ ಬಗ್ಗೆ ಬೇಜಾರು ಮಾಡಿಕೊಂಡು ಮಾತಾಡಿದ್ದಾರೆ. ಜೊತೆಗೆ ಮುಂದಿನ ರೀಲ್ ಚೆನ್ನಾಗಿರುತ್ತೋ ಇಲ್ಲವೋ ಗೊತ್ತಿಲ್ಲ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ: ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತೆ ಅಂತ ಗೊತ್ತಿಲ್ಲದಿದ್ದರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ.

ಕಾಂದಿವಲಿ ಅಕ್ಕ:
ಮೇಷ್ಟ್ರೇ, ಕೆಲಸಕ್ಕೆ ಬಂದರೆ ಅರ್ಥ, ಟೈಮ್‌ಪಾಸ್ ಆದರೆ ವ್ಯರ್ಥ ಅನ್ನೋದನ್ನ ನಾನು ಒಪ್ಪಲ್ಲ. ನಮ್ಮ ಅತ್ತೆ ಮಧ್ಯಾಹ್ನವಿಡೀ ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುತ್ತಾರೆ. ಏನು ಉಪಯೋಗ? ಏನೂ ಇಲ್ಲ. ಆದರೆ ನಡುವೆ ನಿಲ್ಲಿಸಿ ಉಡುಪಿಯಲ್ಲಿರೋ ತಂಗಿಗೆ ಫೋನ್ ಹಚ್ಚಿ, "ಈ ಭಾಗವತರ ಸ್ವರ ಕೇಳಿದೆಯಾ, ಹಿಂದೆ ಹೀಗಿರಲಿಲ್ಲ ಮಾರಾಯ್ತಿ" ಅಂತ ಅರ್ಧ ಗಂಟೆ ಚರ್ಚೆ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. ಅದು ಖಾಲಿನಾ?

ನನ್ನ ಆಫೀಸ್ ವಾಟ್ಸಾಪ್ ಗ್ರೂಪ್ ನೋಡಿ, ಪೂರ್ತಿ ಕೆಲಸದ್ದೇ. ರಾತ್ರಿ ಹತ್ತಕ್ಕೆ "ಗುಡ್ ಜಾಬ್ ಟೀಮ್" ಅಂತ ಬಾಸ್ ಹಾಕಿದ್ದಕ್ಕೆ ಎಲ್ಲರೂ ಹೆಬ್ಬೆರಳು ಒತ್ತಬೇಕು. ಅದಕ್ಕಿಂತ ಖಾಲಿ ಇನ್ನೊಂದಿಲ್ಲ.

ಸುಮ್ನೆ ಓದುವವ:
ಡೊಂಬಿವಲಿ ಗಾಡಿಯಲ್ಲಿ ಫೋನ್ ನೋಡೋಕೆ ಕೈ ಎತ್ತುವಷ್ಟು ಜಾಗ ಸಿಗುತ್ತಾ ಸಾರ್? ಮೊದಲು ಆ ಗುಟ್ಟು ಹೇಳಿ.

ಡೊಂಬಿವಲಿ ಈಸ್ಟ್:
ಹಹ್ಹ. ಸಂಜೆ ಗಾಡಿ ಹೊರಡುವ ಸಿಎಸ್‌ಎಂಟಿ ನಿಲ್ದಾಣದಲ್ಲೇ ಹತ್ತುವುದರಿಂದ ಸೀಟು ಸಿಗುತ್ತೆ. ಬೆಳಿಗ್ಗೆ ನಿಂತೇ ಹೋಗೋದು, ಕೈ ಅಲ್ಲಾಡಿಸೋಕೂ ಆಗಲ್ಲ. ಅದಕ್ಕೇ ಏನು ಕೇಳಬೇಕು ಅಂತ ಮನೆಯಲ್ಲೇ ಆರಿಸಿ, ಹಾಕಿಕೊಂಡು ಹೊರಡುತ್ತೇನೆ.

ಅಕ್ಕ ಹೇಳಿದ್ದು ನಿಜ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಇದೆ ಅಂತ ನನಗೆ ಗೊತ್ತಾಗಿದ್ದೂ ಒಂದು ಫಾರ್ವರ್ಡ್‌ನಿಂದಲೇ, ಆಗ ನಾನು ಟೈಮ್‌ಪಾಸೇ ಮಾಡುತ್ತಿದ್ದೆ.

ಮುಲುಂಡ್ ಮೇಷ್ಟ್ರು:
ಉತ್ತರ ನೀವೇ ಕೊಟ್ಟಿರಿ ನೋಡಿ. ಬೆಳಿಗ್ಗೆ ಆರಿಸಿದ್ದು ನೀವು, ಸಂಜೆ ಆರಿಸುವುದು ಆಪ್. ಅಕ್ಕನ ಅತ್ತೆಯೂ ಇಂಥದ್ದೇ ಪ್ರಸಂಗ ಬೇಕು ಅಂತ ಹುಡುಕಿ ಹಾಕುತ್ತಾರೆ, ಅಲ್ವಾ? ಆಫೀಸ್ ಗ್ರೂಪ್ ಅಕ್ಕ ಆರಿಸಿದ್ದಲ್ಲ. ಹಾಗಾಗಿ ಉಪಯೋಗ ಅನ್ನೋ ನನ್ನ ಮಾತನ್ನು ಸ್ವಲ್ಪ ಸಡಿಲ ಮಾಡಿಕೊಳ್ಳುತ್ತೇನೆ. ಎಂ-ಇಂಡಿಕೇಟರ್ ಆಪ್ ತೆಗೆದು ಗಾಡಿ ಟೈಮ್ ನೋಡಿ ಜೇಬಿಗೆ ಹಾಕಿದರೆ ಯಾರಿಗೂ ಖಾಲಿ ಅನಿಸಲ್ಲ. ಗಾಡಿ ಟೈಮ್ ನೋಡೋಕೆ ತೆಗೆದು, ಮೇಲೆ ಬಂದ ನೋಟಿಫಿಕೇಶನ್ ಒತ್ತಿ ಎಲ್ಲೋ ಹೋಗಿಬಿಡುತ್ತೇವಲ್ಲ, ಅಲ್ಲಿ ಜಾರುತ್ತೆ. ಫೋನಿನಲ್ಲೇ ಬರುವ ಟೈಮ್ ಲಿಮಿಟ್ ನನಗೆ ಉಪಯೋಗಕ್ಕೆ ಬರಲಿಲ್ಲ, ಇನ್ನೊಂದು ಹದಿನೈದು ನಿಮಿಷ ಅಂತ ಒತ್ತೋದು ಅದಕ್ಕಿಂತ ಸುಲಭ. ರೀಲ್ಸ್ ಆಪ್‌ನ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿದ್ದು ಮಾತ್ರ ಕೆಲಸ ಮಾಡಿತು. ಸಂಜೆಗೆ ಬೇಕಾದ್ದನ್ನೂ ಆಫೀಸಿನಿಂದ ಹೊರಡುವಾಗಲೇ ಆರಿಸಿಟ್ಟುಕೊಂಡು ನೋಡಿ.

ಕಾಂದಿವಲಿ ಅಕ್ಕ:
ಹೌದು, ಅತ್ತೆ ಹೆಸರು ಹೇಳಿ ಹುಡುಕಿಸುತ್ತಾರೆ. ಆದರೆ ಪ್ರಸಂಗ ಮುಗಿದ ಮೇಲೆ ಯೂಟ್ಯೂಬ್ ತಾನಾಗಿ ಯಾವುದೋ ಜ್ಯೋತಿಷ್ಯದ ವಿಡಿಯೋ ಹಚ್ಚುತ್ತಿತ್ತು. ಅವರು ಅದನ್ನೂ ನೋಡಿ, ಈ ವಾರ ನೀನು ದಕ್ಷಿಣಕ್ಕೆ ಹೋಗಬೇಡ ಅಂತ ನನ್ನ ಗಂಡನಿಗೆ ಹೇಳುತ್ತಿದ್ದರು. ಅವರ ಆಫೀಸ್ ಇರೋದೇ ನಮ್ಮ ಮನೆಯಿಂದ ದಕ್ಷಿಣಕ್ಕೆ, ಲೋವರ್ ಪರೇಲ್‌ನಲ್ಲಿ! ಈಗ ಆಟೋಪ್ಲೇ ಆಫ್ ಮಾಡಿಕೊಟ್ಟಿದ್ದೇನೆ.