ಖಾಕಿ ಕ್ಯಾಂಬೆಲ್ ಹಿಂಡಿನಲ್ಲಿ ಕೆಲವು ಬಾತು ನೆಟ್ಟಗೆ ನಿಲ್ಲುತ್ತವೆ: ತಳಿಯೋ, ಕಾಯಿಲೆಯೋ?

ಕೆರೆಕೋಡಿ:
ಖಾಕಿ ಕ್ಯಾಂಬೆಲ್ ಎಂದು ಕೊಟ್ಟ 40 ಮರಿಗಳಿಗೆ ಈಗ ಐದು ತಿಂಗಳು. ಬಣ್ಣ ಹೆಚ್ಚುಕಡಿಮೆ ಒಂದೇ, ನಿಲುವು ಬೇರೆ. ಏಳೆಂಟು ಬಾತುಗಳು ಬಾಟಲಿ ನಿಲ್ಲಿಸಿದ ಹಾಗೆ ನಿಂತು ಗುಂಪಾಗಿ ಓಡುತ್ತವೆ. ಉಳಿದವು ಮೈ ಓರೆ ಮಾಡಿಕೊಂಡು ನಡೆಯುತ್ತವೆ. ಇದುವರೆಗೆ ಓರೆಯಾಗಿಯೇ ನಡೆಯುತ್ತಿದ್ದ ಒಂದು ಹೆಣ್ಣು ಇಂದು ಬೆಳಿಗ್ಗೆಯಿಂದ ನೆಟ್ಟಗೆ ನಿಂತಿದೆ, ಮೇವಿಗೂ ಬಂದಿಲ್ಲ. ಜೊತೆಗಿರುವ ಪೆಕಿನ್ ತಳಿಯ ನಾಲ್ಕು ಬಿಳಿ ಬಾತುಗಳು ನಾಲ್ಕು ಹೆಜ್ಜೆ ನಡೆದು ಕೂತುಬಿಡುತ್ತವೆ. ಇವುಗಳಲ್ಲಿ ಯಾವುದು ತಳಿಗುಣ, ಯಾವುದು ತೊಂದರೆ?

ಗೊರಸು:
ಮೊದಲು ಆ ಒಂದು ಹೆಣ್ಣನ್ನು ನೋಡಿ, ಉಳಿದದ್ದು ಆಮೇಲೆ. ತಳಿಯ ನಿಲುವು ಒಂದು ಬೆಳಿಗ್ಗೆಯಲ್ಲಿ ಬದಲಾಗುವುದಿಲ್ಲ. ಮೊಟ್ಟೆ ಇಡಲು ಶುರುಮಾಡುವ ವಯಸ್ಸಿನ ಹೆಣ್ಣು ದಿಢೀರನೆ ನೆಟ್ಟಗೆ ನಿಂತು, ಕಾಲು ಅಗಲಿಸಿ, ಬಾಲ ಮೇಲೆ ಕೆಳಗೆ ಆಡಿಸುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಹೊಟ್ಟೆಯಲ್ಲಿ ನೀರು ತುಂಬಿದರೂ ಇದೇ ನಿಲುವು. ಬಾತುಗಳು ಸಾಮಾನ್ಯವಾಗಿ ಬೆಳಗಾಗುವ ಹೊತ್ತಿಗೆ ಮೊಟ್ಟೆ ಇಟ್ಟು ಮುಗಿಸುತ್ತವೆ, ಹಾಗಾಗಿ ಮಧ್ಯಾಹ್ನವಾದರೂ ಹೀಗೇ ನಿಂತಿದ್ದರೆ ತಡಮಾಡಬೇಡಿ. ಉಗುರುಬೆಚ್ಚನೆಯ ನೀರಿನಲ್ಲಿ ಹೊಟ್ಟೆ ಮುಳುಗುವಂತೆ 20-30 ನಿಮಿಷ ಕೂರಿಸಿ, ಮೈ ಒರೆಸಿ, ಕತ್ತಲಿರುವ ಬೆಚ್ಚನೆ ಜಾಗದಲ್ಲಿ ಒಂಟಿಯಾಗಿ ಬಿಡಿ. ಹೊಟ್ಟೆ ಒತ್ತಿ ಮೊಟ್ಟೆ ತೆಗೆಯಲು ಹೋಗಬೇಡಿ. ಒಳಗೇ ಒಡೆದರೆ ಹಕ್ಕಿ ಉಳಿಯುವುದು ಕಷ್ಟ. ಒಂದೆರಡು ಗಂಟೆಯಲ್ಲಿ ಮೊಟ್ಟೆ ಬರದಿದ್ದರೆ ಪಶುವೈದ್ಯರಿಗೆ ತೋರಿಸಿ, ಕ್ಯಾಲ್ಸಿಯಂ ಚುಚ್ಚುಮದ್ದು ಬೇಕಾಗಬಹುದು.

ಹಿಂಡುಕಾಯುವವ:
ಓಡುವ ಆ ಏಳೆಂಟು ಬಹುತೇಕ ಇಂಡಿಯನ್ ರನ್ನರ್, ಇಲ್ಲವೇ ರನ್ನರ್ ಬೆರಕೆ. ಹೆಸರಲ್ಲಿ ಇಂಡಿಯಾ ಇದ್ದರೂ ಇದರ ಮೂಲ ಜಾವಾ, ಬಾಲಿ, ಲೊಂಬೋಕ್ ಕಡೆಯದು. ಖಾಕಿ ಕ್ಯಾಂಬೆಲ್ ರಕ್ತದಲ್ಲೂ ರನ್ನರ್ ಇದೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಬೆಲ್ ಸುಮಾರು 1900ರ ಹೊತ್ತಿಗೆ ರನ್ನರ್, ರೂವಾನ್ ಮತ್ತು ಕಾಡು ಮಲ್ಲಾರ್ಡ್ ಬಾತುಗಳನ್ನು ಕೂಡಿಸಿ ಬೆಳೆಸಿದ ತಳಿ ಅದು. ಆದ್ದರಿಂದ ಶುದ್ಧ ಕ್ಯಾಂಬೆಲ್‌ಗಳಲ್ಲೂ ಒಂದೆರಡು ಸ್ವಲ್ಪ ಎದ್ದುನಿಂತ ಹಾಗೆ ಕಾಣುವುದುಂಟು. ಬಣ್ಣ ನೋಡಿ ತಳಿ ಹೇಳಬೇಡಿ, ಕಂದು ಬಣ್ಣದ ರನ್ನರ್‌ಗಳೂ ಇವೆ.

ನಿಲುವನ್ನು ಅಳೆಯುವ ರೀತಿ ಇದು: ಹಿಂಡು ಬೆದರದೆ ಮೇಯುತ್ತಿರುವಾಗ 25-30 ಅಡಿ ದೂರದಲ್ಲಿ, ಪಕ್ಕದಿಂದ ನೋಡಿ. ಬಾಲದ ಬುಡದಿಂದ ಎದೆಗೆ ಒಂದು ಗೆರೆ ಎಳೆದಂತೆ ಅಂದಾಜಿಸಿ. ನೆಲಕ್ಕೆ ಆ ಗೆರೆ ಖಾಕಿ ಕ್ಯಾಂಬೆಲ್‌ನಲ್ಲಿ ಸುಮಾರು 35 ಡಿಗ್ರಿ, ರನ್ನರ್‌ನಲ್ಲಿ 45ರಿಂದ 75. ಬೆದರಿದಾಗ ಕ್ಯಾಂಬೆಲ್ ಕೂಡ ಕತ್ತೆತ್ತಿ ಮೈ ಎತ್ತುತ್ತದೆ, ರನ್ನರ್ ಕಂಬದ ಹಾಗೆ ನಿಲ್ಲುತ್ತದೆ. ಹತ್ತಿರ ಹೋಗಿ ನೋಡಿದರೆ ಎಲ್ಲವೂ ರನ್ನರ್ ಅನ್ನಿಸುವುದು ಅದಕ್ಕೇ.

ಕಾರಣ ಕಾಲಿನ ಜಾಗದಲ್ಲಿದೆ. ರನ್ನರ್‌ನ ಕಾಲುಗಳು ಮೈಯ ತೀರಾ ಹಿಂದಕ್ಕಿವೆ, ಮುಂದಕ್ಕೆ ಬೀಳದಿರಲು ಅದು ಮೈಯನ್ನೇ ಎತ್ತಿ ಹಿಡಿಯಬೇಕು. ಮೈ ಕಿರಿದು, ಎರಡು ಕಾಲುಗಳ ನಡುವೆ ಅಂತರ ಕಡಿಮೆ, ಆದ್ದರಿಂದ ಪಕ್ಕಕ್ಕೆ ತೂಗದೆ ಓಡುತ್ತದೆ. ಪೆಕಿನ್‌ನ ಎದೆ ಅಗಲ, ಕಾಲು ಗಿಡ್ಡ ಮತ್ತು ದೂರ ದೂರ. ಪ್ರತಿ ಹೆಜ್ಜೆಗೂ ಇಡೀ ಭಾರವನ್ನು ಊರಿದ ಕಾಲಿನ ಮೇಲೆ ತರಬೇಕು, ಅದಕ್ಕೇ ಆ ತೊನೆದಾಟ. ಮೂರರಿಂದ ನಾಲ್ಕು ಕೆಜಿ ತೂಗುವ ಹಕ್ಕಿ ಆಗಾಗ ಕೂರುವುದು ಸಹಜ. ಇಂಗ್ಲೆಂಡಿನ ಐಲ್ಸ್‌ಬರಿ ತಳಿ ಇನ್ನೂ ಮುಂದೆ ಹೋಗಿದೆ. ಅದರ ಮೈ ನೆಲಕ್ಕೆ ಸಮಾನಾಂತರ, ಎದೆಮೂಳೆಯ ಚರ್ಮ ನೆಲಕ್ಕೆ ತಾಕುವಷ್ಟು ಕೆಳಗಿರುತ್ತದೆ.

ಮಸ್ಕವಿ ಬಾತನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಉಳಿದವೆಲ್ಲ ಮಲ್ಲಾರ್ಡ್ ಸಂತತಿ, 28 ದಿನಕ್ಕೆ ಮರಿ ಒಡೆಯುತ್ತವೆ. ಮಸ್ಕವಿ ಬೇರೆಯೇ ಜಾತಿ, 35 ದಿನ ಬೇಕು. ಮೈ ಅಡ್ಡವಾಗಿಟ್ಟು, ತಲೆ ಹಿಂದೆ ಮುಂದೆ ಆಡಿಸುತ್ತಾ ನಡೆಯುತ್ತದೆ, ಚೂಪು ಉಗುರಿನಿಂದ ಕೊಂಬೆ ಹಿಡಿದು ಕೂರುತ್ತದೆ.

ಕೆರೆಕೋಡಿ:
ಬಿಸಿನೀರಿನಲ್ಲಿ ಕೂರಿಸಿದ ಮೇಲೆ ಮೊಟ್ಟೆ ಇಟ್ಟಿತು, ಸಿಪ್ಪೆ ತೆಳು. ಇಬ್ಬರಿಗೂ ಧನ್ಯವಾದ. ಪೆಕಿನ್‌ಗಳಲ್ಲಿ ಒಂದು ಮಾತ್ರ ಒಂದೇ ಕಾಲು ಎಳೆಯುತ್ತದೆ. ಇದೂ ಭಾರದಿಂದಲೇ?

ಗೊರಸು:
ಸಿಪ್ಪೆ ತೆಳುವಾಗಿದ್ದರೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಪಾತ್ರೆಯಲ್ಲಿ ಸದಾ ಇಡಿ, ಬೇಕಾದಷ್ಟು ಅವೇ ತಿನ್ನುತ್ತವೆ.

ಒಂದೇ ಕಾಲು ಎಂದರೆ ತಳಿಗುಣವಲ್ಲ. ತಳಿಗುಣ ಎರಡೂ ಕಡೆ ಸಮ. ಪಾದ ತಿರುವಿ ನೋಡಿ: ಅಂಗಾಲಲ್ಲಿ ಕಪ್ಪು ಹೆಕ್ಕಳೆ, ಊತ, ಬಿಸಿ ಇದ್ದರೆ ಅಂಗಾಲಿನ ಬಾವು. ಜಲ್ಲಿಕಲ್ಲು, ಒರಟು ಸಿಮೆಂಟಿನ ಮೇಲೆ ಭಾರದ ತಳಿಗೆ ಬೇಗ ಬರುತ್ತದೆ. ಪಾದ ಸ್ವಚ್ಛವಾಗಿದ್ದರೆ ಯಾರಾದರೂ ಕಾಲು ಹಿಡಿದು ಎತ್ತಿದರೇ ಎಂದು ಕೇಳಿ. ಬಾತುಗಳ ಕಾಲಿನ ಕೀಲು ಆ ಭಾರ ತಾಳುವುದಿಲ್ಲ. ಎರಡೂ ರೆಕ್ಕೆ ಮೈಗೆ ಒತ್ತಿ, ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಬೇಕು.

ಹಲವು ಮರಿಗಳ ಕಾಲು ಒಟ್ಟಿಗೆ ಸೊಟ್ಟಗಾದರೆ ನಿಯಾಸಿನ್ (ಬಿ3 ವಿಟಮಿನ್) ಕೊರತೆ ಇರಬಹುದು. ಬಾತು ಮರಿಗೆ ಕೆಜಿ ಮೇವಿನಲ್ಲಿ 55 ಮಿಲಿಗ್ರಾಂ ಬೇಕು, ಕೋಳಿ ಮರಿಯ ಮೇವಿನಲ್ಲಿ ಅಷ್ಟು ಇರುವುದು ಅಪರೂಪ. ಮೆಕ್ಕೆಜೋಳದಲ್ಲಿ ಇರುವುದು ಹೆಚ್ಚಾಗಿ ದಕ್ಕುವುದೂ ಇಲ್ಲ. ಕೆಜಿಗೆ ಸುಮಾರು 50 ಗ್ರಾಂ ಬ್ರೂವರ್ಸ್ ಈಸ್ಟ್ (ಬಿಯರ್ ತಯಾರಿಕೆಯ ಈಸ್ಟ್) ಬೆರೆಸಿ, ಬ್ರೆಡ್ಡಿಗೆ ಹಾಕುವ ಈಸ್ಟ್ ಬೇಡ. ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನಂತೂ ಬಾತುಗಳ ಹತ್ತಿರ ತರಲೇಬೇಡಿ. ಅದರ ವಿಷಕ್ಕೆ ಕೋಳಿಗಿಂತ ಬಾತು ಬೇಗ ಬಲಿಯಾಗುತ್ತದೆ, ಮರಿಗಳು ತೂರಾಡಿ ಕತ್ತು ಹಿಂದಕ್ಕೆ ಬಾಗಿಸಿ ಸಾಯುತ್ತವೆ.

ಹಿಂಡುಕಾಯುವವ:
ಷೆಡ್ಡನ್ನೂ ನಿಲುವಿಗೆ ತಕ್ಕಂತೆ ಸರಿಮಾಡಿ. ರನ್ನರ್‌ಗಳು ಒಟ್ಟಿಗೆ ನುಗ್ಗುತ್ತವೆ, ಬಾಗಿಲು ಕಿರಿದಾದರೆ ಪೆಕಿನ್‌ಗಳು ತುಳಿತಕ್ಕೆ ಸಿಗುತ್ತವೆ. ಮೂರು ಅಡಿಯಾದರೂ ಅಗಲ ಇರಲಿ. ಹಾರಲಾರದ ರನ್ನರ್‌ಗೆ ಎರಡೂವರೆ ಅಡಿ ಬೇಲಿ ಸಾಕು. ಪೆಕಿನ್ ಹತ್ತುವ ಹಲಗೆ ಒಂದು ಅಡಿ ಎತ್ತರಕ್ಕೆ ಮೂರು-ನಾಲ್ಕು ಅಡಿ ಉದ್ದ ಇರಲಿ, ಮೇಲೆ ಗೋಣಿ ಹೊಡೆಯಿರಿ. ಮರಿಗಳ ಕೆಳಗೆ ನ್ಯೂಸ್‌ಪೇಪರ್ ಹಾಸಬೇಡಿ, ಜಾರಿ ಕಾಲು ಇಬ್ಬದಿಗೆ ಹರಿಯುತ್ತದೆ. ಕಾಲೆಳೆಯುವ ಪೆಕಿನ್ ವಾಸಿಯಾಗುವವರೆಗೆ ಒಣಹುಲ್ಲಿನ ಮೇಲೆ ಬೇರೆ ಇಟ್ಟು, ದಿನಕ್ಕೆ ಎರಡು ಬಾರಿ ಆಳದ ತೊಟ್ಟಿಯಲ್ಲಿ ಈಜಲು ಬಿಡಿ. ನೀರಿನಲ್ಲಿ ಕಾಲಿಗೆ ಭಾರ ಬೀಳುವುದಿಲ್ಲ.