ಗೇಟಿನ ಆ್ಯಪ್‌ಗೆ ಎಷ್ಟು ಮಾಹಿತಿ ಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು:
ನಾವು ಮೂವರು ಗೆಳೆಯರು ಸೇರಿ ಅಪಾರ್ಟ್‌ಮೆಂಟ್ ಗೇಟಿಗೆ ಒಂದು ಆ್ಯಪ್ ಮಾಡುತ್ತಿದ್ದೇವೆ. ಬೆಂಗಳೂರಿನ ಹೊರವಲಯದ 180 ಮನೆಗಳ ಅಪಾರ್ಟ್‌ಮೆಂಟೇ ನಮ್ಮ ಮೊದಲ ಗಿರಾಕಿ. ಬಂದವರ ಹೆಸರು, ಫೋನ್ ನಂಬರ್, ಯಾವ ಮನೆಗೆ ಹೋಗಬೇಕು ಅನ್ನುವುದನ್ನು ಸೆಕ್ಯೂರಿಟಿಯವರು ಮೊಬೈಲಿನಲ್ಲಿ ಹಾಕುತ್ತಾರೆ. ಮನೆಯವರು ಒಪ್ಪಿದರೆ ಒಳಗೆ ಬಿಡುತ್ತಾರೆ. ಇಷ್ಟೇ ಇತ್ತು. ಈಗ ಕಮಿಟಿಯವರ ಪಟ್ಟಿ ಬೆಳೆದಿದೆ. ಬಂದವರೆಲ್ಲರ ಮುಖದ ಫೋಟೋ ಬೇಕಂತೆ. ಮನೆಗೆಲಸದವರು, ಡ್ರೈವರ್‌ಗಳ ಆಧಾರ್ ಕಾರ್ಡ್ ಎರಡೂ ಬದಿ ಫೋಟೋ ಬೇಕಂತೆ, ಜೊತೆಗೆ ಬೆರಳಚ್ಚು. ಯಾವುದನ್ನೂ ಅಳಿಸಬಾರದಂತೆ. ಕೊನೆಗೆ, 'ಪೊಲೀಸರಿಗೇ ಒಂದು ಲಾಗಿನ್ ಮಾಡಿಕೊಟ್ಟುಬಿಡಿ, ನಮಗೂ ತಲೆನೋವು ತಪ್ಪುತ್ತೆ' ಅಂದರು.

ಗೆಳೆಯರಿಬ್ಬರೂ ಮಾಡಿಕೊಟ್ಟುಬಿಡೋಣ ಅನ್ನುತ್ತಿದ್ದಾರೆ, ಮೊದಲ ಗಿರಾಕಿ ಅಲ್ವಾ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಯಾಕೆ ಬೇಡ ಅಂತ ಮೀಟಿಂಗ್‌ನಲ್ಲಿ ಸರಿಯಾಗಿ ಹೇಳಲು ಬರಲಿಲ್ಲ. ಇಂಥದ್ದನ್ನು ಕಟ್ಟಿದವರು, ನಡೆಸಿದವರು, ಇದರಿಂದ ತೊಂದರೆಪಟ್ಟವರು ಯಾರಾದರೂ ಇದ್ದರೆ ಹೇಳಿ.

ಹನ್ನೆರಡು ವರ್ಷದಿಂದ ಬ್ಯಾಕೆಂಡ್ ಬರೆಯುತ್ತಿರುವವನು:
ಮೊದಲು ಲಾಗಿನ್ ವಿಷಯ. ದಯವಿಟ್ಟು ಕೊಡಬೇಡಿ. ಹಿಂದೆ ನಾನಿದ್ದ ಒಂದು ಸಣ್ಣ ಕಂಪನಿಯಲ್ಲಿ ಕ್ಯಾಬ್ ಬುಕಿಂಗ್ ನಡೆಯುತ್ತಿತ್ತು. ಒಂದು ಸಂಜೆ ಫೋನ್ ಬಂತು. 'ಠಾಣೆಯಿಂದ ಮಾತಾಡ್ತಿರೋದು, ಅರ್ಜೆಂಟ್ ಕೇಸು, ಈ ನಂಬರಿನವರು ಮೂರು ತಿಂಗಳಿಂದ ಎಲ್ಲೆಲ್ಲಿ ಹೋಗಿದ್ದಾರೆ ಕಳಿಸಿ' ಅಂದರು. ಸಪೋರ್ಟ್‌ನಲ್ಲಿದ್ದ ಹುಡುಗ ಹೊಸಬ. ದನಿಗೇ ಹೆದರಿ ಎಕ್ಸೆಲ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ. ನಾಲ್ಕು ದಿನ ಬಿಟ್ಟು ಒಬ್ಬ ಹೆಂಗಸು ಆಫೀಸಿಗೇ ಬಂದರು. ಗಂಡನ ಮನೆ ಬಿಟ್ಟು ಬೇರೆ ಇದ್ದವರು ಅವರು. ಫೋನ್ ಮಾಡಿದ್ದು ಗಂಡನ ಕಡೆಯವನು. ಆಕೆ ಜಗಳ ಆಡಲಿಲ್ಲ. 'ಈಗ ಇನ್ನೊಂದು ಮನೆ ಹುಡುಕಬೇಕು' ಅಂದರು ಅಷ್ಟೆ. ಅದಾದ ಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಕೇಳುವುದೇನಿದ್ದರೂ ಬರಹದಲ್ಲಿ ಬರಬೇಕು, ಅಧಿಕೃತ ಇಮೇಲ್‌ನಿಂದಲೋ ಸೀಲು ಹಾಕಿದ ಪತ್ರದಲ್ಲೋ. ಕ್ರೈಂ ನಂಬರ್ ಇರಬೇಕು. ಯಾವ ದಿನ, ಯಾವ ಗಾಡಿ ಅಂತ ಖಚಿತವಾಗಿರಬೇಕು. ನಮ್ಮ ಕಡೆ ಇಬ್ಬರು ನೋಡಿ ಒಪ್ಪಬೇಕು. ನಾವೇ ಠಾಣೆಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ನಿಜವಾದ ಪೊಲೀಸರು ಇದಕ್ಕೆ ಒಂದು ಸಲವೂ ಸಿಟ್ಟು ಮಾಡಿಕೊಳ್ಳಲಿಲ್ಲ. ಸ್ಟೇಷನ್ ರೈಟರ್ ಒಬ್ಬರಂತೂ ಪತ್ರದ ನಮೂನೆ ಹೇಗಿರಬೇಕು ಅಂತ ನಮಗೇ ಹೇಳಿಕೊಟ್ಟರು.

ಎರಡನೆಯದು, ನಿಮ್ಮ ಗೆಳೆಯರು 'ನಂಬರ್ ಹ್ಯಾಶ್ ಮಾಡಿ ಇಡೋಣ, ಆಗ ಸೇಫ್' ಅಂದೇ ಅನ್ನುತ್ತಾರೆ. ಹ್ಯಾಶ್ ಅಂದರೆ ನಂಬರನ್ನು ಗುರುತು ಸಿಗದ ಅಕ್ಷರಗಳ ಸಾಲಾಗಿ ಬದಲಿಸಿ ಇಡುವುದು. ನಮ್ಮ ದೇಶದ ಮೊಬೈಲ್ ನಂಬರ್ 10 ಅಂಕಿ, ಶುರುವಾಗುವುದು 6ರಿಂದ 9ರವರೆಗಿನ ಅಂಕಿಗಳಿಂದ. ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಮಾಮೂಲಿ ಹ್ಯಾಶ್ ಆದರೆ ಗ್ರಾಫಿಕ್ಸ್ ಕಾರ್ಡ್ ಇರುವ ಮನೆಯ ಕಂಪ್ಯೂಟರಿನಲ್ಲೇ ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡಬಹುದು. ಕಾಫಿ ಕುಡಿದು ಬರುವಷ್ಟರಲ್ಲಿ ನಂಬರ್ ವಾಪಸ್ ಸಿಕ್ಕಿರುತ್ತದೆ.

ಮೂರನೆಯದು ಅಳಿಸುವ ಕೆಲಸ. ಡೇಟಾಬೇಸ್‌ನಿಂದ ಅಳಿಸಿದೆವು ಅಂತ ನಾವು ಎದೆ ತಟ್ಟಿಕೊಂಡಿದ್ದೆವು. ಆಮೇಲೆ ನೋಡಿದರೆ ಬ್ಯಾಕಪ್‌ನಲ್ಲಿ ಇದೆ, ಸರ್ವರ್ ತಾನೇ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ ಇದೆ, ಎಸ್‌ಎಂಎಸ್ ಕಳಿಸುವ ಕಂಪನಿಯ ಡ್ಯಾಶ್‌ಬೋರ್ಡ್‌ನಲ್ಲಿ ಇದೆ. ಡೆಮೊಗೆ ಅಂತ ಯಾರೋ ತೆಗೆದಿಟ್ಟ ಕಾಪಿ ಒಂದು ಲ್ಯಾಪ್‌ಟಾಪಿನಲ್ಲೂ ಇತ್ತು.

ಅಪಾರ್ಟ್‌ಮೆಂಟ್ ಸಂಘದ ಮಾಜಿ ಕಾರ್ಯದರ್ಶಿ, ಬನಶಂಕರಿ ಕಡೆಯವರು:
ಕಮಿಟಿ ಕಡೆಯಿಂದಲೂ ಒಂದು ಮಾತು ಕೇಳಿ. ನಮಗೆ ಬೇಕಿರುವುದು ಯಾರ ಜಾತಕವೂ ಅಲ್ಲ. ಕಳ್ಳತನ ಆದಾಗ 'ಕಾರ್ಯದರ್ಶಿ ಏನು ಮಾಡ್ತಿದ್ರು' ಅಂತ 96 ಮನೆಯವರೂ ನನ್ನನ್ನೇ ಕೇಳುತ್ತಾರೆ. ಹಾಗಾಗಿ ಕೈಯಲ್ಲಿ ಏನಾದರೂ ಇರಲಿ ಅಂತ ಎಲ್ಲ ಸೇರಿಸುತ್ತಾ ಹೋಗುತ್ತೇವೆ. ಆರು ವರ್ಷದಲ್ಲಿ ಗೇಟಿನ ದಾಖಲೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಎರಡು ಸಲ. ಒಮ್ಮೆ ಬೇಸ್‌ಮೆಂಟಿನಿಂದ ಸ್ಕೂಟರ್ ಬ್ಯಾಟರಿ ಕದ್ದಾಗ, ಇನ್ನೊಮ್ಮೆ ಪಾರ್ಸೆಲ್ ಕಾಣೆಯಾದಾಗ. ಎರಡೂ ಸಲ ಕೆಲಸಕ್ಕೆ ಬಂದದ್ದು ಗಾಡಿ ನಂಬರು, ಬಂದ ಹೊತ್ತು, ಹೋದ ಹೊತ್ತು. ಎರಡೂ ವಾರದೊಳಗಿನದು. ಮೂರು ವರ್ಷದ ಹಿಂದೆ ಕೊರಿಯರ್ ಹುಡುಗ ಯಾರು ಬಂದಿದ್ದ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.

ಪುಸ್ತಕದ ಕಾಲದಲ್ಲೇನೂ ನಾವು ಸಾಚಾ ಆಗಿರಲಿಲ್ಲ ಬಿಡಿ. ಹಳೇ ರಿಜಿಸ್ಟರುಗಳನ್ನು ಗುಜರಿಗೆ ಹಾಕಿದ್ದೆವು. ಒಂದು ದಿನ ಸಂಜೆ ಪಾರ್ಕಿನ ಹತ್ತಿರ ಕಡಲೆಕಾಯಿ ತಗೊಂಡರೆ, ಪೊಟ್ಟಣದ ಮೇಲೆ ನಮ್ಮದೇ ಬ್ಲಾಕಿನ ಹೆಸರು, ಫೋನ್ ನಂಬರ್ ಇತ್ತು. ನಮ್ಮ ಮನೆಯವಳು ಅದನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಆಡಿಕೊಂಡಳು.

ಮನೆಗೆಲಸ ಮಾಡುವವರ ಮಗಳು, ಬಿ.ಕಾಂ. ಕೊನೆಯ ವರ್ಷ:
ನಮ್ಮಮ್ಮ ಮೂರು ಅಪಾರ್ಟ್‌ಮೆಂಟ್‌ಗಳಲ್ಲಿ ನಾಲ್ಕು ಮನೆ ಕೆಲಸ ಮಾಡುತ್ತಾರೆ. ಮೂರು ಕಡೆಯೂ ಆಧಾರ್ ಜೆರಾಕ್ಸ್ ಕೊಟ್ಟಿದ್ದಾರೆ, ಮೂರು ಕಡೆಯೂ ಫೋಟೋ. ಯಾಕೆ ಅಂತ ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ. ಆ ನಾಲ್ಕು ಮನೆಯವರ ಆಧಾರ್ ಯಾವತ್ತಾದರೂ ನಮ್ಮಮ್ಮ ಕೇಳಿದ್ದಾರಾ?

ಒಂದು ಗೇಟಿನಲ್ಲಿ ಬೆರಳು ಒತ್ತಿ ಒಳಗೆ ಹೋಗಬೇಕು. ಪಾತ್ರೆ ಸೋಪು, ಬ್ಲೀಚಿಂಗ್ ಪೌಡರ್‌ನಲ್ಲಿ ಅಮ್ಮನ ಬೆರಳು ಸವೆದಿದೆ. ರೇಷನ್ ಅಂಗಡಿಯಲ್ಲೂ ಇದೇ ಗೋಳು. ಗೇಟಿನಲ್ಲಿ ಐದಾರು ಸಲ ಒತ್ತಬೇಕು, ಹಿಂದೆ ಸಾಲು ನಿಂತಿರುತ್ತದೆ. ಹತ್ತು ನಿಮಿಷ ತಡವಾಗಿ ಬಂದಳು ಅಂತ ಆ್ಯಪ್ ಮನೆ ಯಜಮಾನಿಗೆ ಹೇಳಿಬಿಡುತ್ತದೆ. ಬೆರಳು ಹತ್ತಲಿಲ್ಲ ಅಂತ ಹೇಳುವುದಿಲ್ಲ.

ಇನ್ನೊಂದು ಇದೆ. ನಾನು ಅಮ್ಮನ ಜೊತೆ ಹೋದಾಗ ಒಬ್ಬ ಅಕ್ಕ ಒಳ್ಳೆ ಮನಸ್ಸಿನಿಂದಲೇ ಅವರ ಮೊಬೈಲ್ ತೋರಿಸಿದರು. ಅದರಲ್ಲಿ ಅಮ್ಮನ ಫೋಟೋ, ಎಷ್ಟು ಮನೆ ಮಾಡುತ್ತಾರೆ, ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೋಗುತ್ತಾರೆ ಎಲ್ಲ ಇತ್ತು. ಕೆಳಗೆ ಸ್ಟಾರ್. ಯಾರೋ 2 ಕೊಟ್ಟಿದ್ದರು. ಯಾರು, ಯಾಕೆ ಅಂತ ಇಲ್ಲ. ಅಮ್ಮನಿಗೆ ಅದು ಕಾಣುವುದೇ ಇಲ್ಲ, ಉತ್ತರ ಕೊಡುವುದು ಹೇಗೆ? ನಾನು ಅಮ್ಮನಿಗೆ ಹೇಳಲಿಲ್ಲ.

ದಾವಣಗೆರೆಯವರು:
ಸುಮ್ನೆ ದೊಡ್ಡದು ಮಾಡುತ್ತಿದ್ದೀರಿ ಅನ್ನಿಸುತ್ತದೆ. ಸರ್ಕಾರದ ಹತ್ತಿರ ಎಲ್ಲರದ್ದೂ ಎಲ್ಲ ಇದೆ. ಫೋನ್ ಕಂಪನಿಗಳ ಹತ್ತಿರ ಇನ್ನೂ ಜಾಸ್ತಿ ಇದೆ. ತಪ್ಪು ಮಾಡದವರಿಗೆ ಯಾಕೆ ಭಯ? ನನ್ನ ಫೋಟೋ ಎಷ್ಟು ಬೇಕಾದರೂ ತಗೊಳ್ಳಲಿ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದರೆ ಆಗ ನಿಮಗೆ ಗೊತ್ತಾಗುತ್ತದೆ.

ಮಂಗಳೂರಿನವರು, ನಿವೃತ್ತ ಮೇಷ್ಟ್ರು:
ದಾವಣಗೆರೆಯವರೇ, ನಾನೂ ನಿಮ್ಮ ಹಾಗೆಯೇ ಹೇಳುತ್ತಿದ್ದೆ. 2023ರಲ್ಲಿ ಒಂದು ಬೆಳಿಗ್ಗೆ ಮೊಬೈಲಿಗೆ ಮೆಸೇಜು ಬಂತು, ಖಾತೆಯಿಂದ 10,000 ರೂಪಾಯಿ ಹೋಗಿದೆ ಎಂದು. ಒಟಿಪಿ ಬಂದಿಲ್ಲ, ಯಾರ ಹತ್ತಿರವೂ ಮಾತಾಡಿಲ್ಲ, ಕಾರ್ಡ್ ಕಪಾಟಿನಲ್ಲೇ ಇದೆ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಈ ಮೂರಿದ್ದರೆ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಬಹುದು, ಒಟಿಪಿ ಬೇಕಿಲ್ಲ ಎಂದು ಆಗ ತಿಳಿಯಿತು. ಹಳ್ಳಿಯವರಿಗೆ ಮನೆ ಬಾಗಿಲಲ್ಲೇ ದುಡ್ಡು ಸಿಗಲಿ ಎಂದು ಮಾಡಿದ್ದು ಅದು. ಆ ವರ್ಷ ನಮ್ಮ ಕಡೆ ಬಹಳ ಜನಕ್ಕೆ ಹೀಗಾಯಿತು. ಆಸ್ತಿಯ ಕಾಗದಪತ್ರದ ಮೇಲೆ ಒತ್ತಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿದ್ದರು.

ನಾನು ಆಮೇಲೆ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಸಿದೆ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲೇ ಆಗುತ್ತದೆ, ಬೇಕಾದಾಗ ತೆಗೆಯಬಹುದು. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು ಮಾರಾಯ್ರೆ, ಹೆಬ್ಬೆಟ್ಟು ಬದಲಾಯಿಸುವುದು ಹೇಗೆ? ಆ ಸೆಕ್ಯೂರಿಟಿಯವರ ಮೊಬೈಲಿನಲ್ಲಿ 180 ಮನೆಯ ಕೆಲಸದವರ ಆಧಾರ್ ಮತ್ತು ಬೆರಳು ಒಟ್ಟಿಗೆ ಇಡುವುದೆಂದರೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ.

ವಕೀಲರು, ಧಾರವಾಡ:
ಕಾನೂನಿನ ಮಾತು ಸ್ವಲ್ಪ ಹೇಳುತ್ತೇನೆ, ಉದ್ದ ಆದರೆ ಕ್ಷಮಿಸಿ.

'ಭಯ ಯಾಕೆ' ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಉತ್ತರ ಕೊಟ್ಟಿದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದ್ದು 2012ರಲ್ಲಿ, ಎಂಬತ್ತು ದಾಟಿದ ಮೇಲೆ. ಅವರೇನು ತಪ್ಪು ಮಾಡಿ ಹೆದರಿದವರಲ್ಲ.

ಆಧಾರ್ ಬಗ್ಗೆ. ಅದೇ ಕೋರ್ಟಿನ 2018ರ ತೀರ್ಪು ಖಾಸಗಿ ಕಂಪನಿಗಳು ತಮ್ಮ ಪಾಡಿಗೆ ಆಧಾರ್ ಕೇಳುವುದಕ್ಕಿದ್ದ ಆಧಾರ್ ಕಾಯಿದೆಯ 57ನೇ ಸೆಕ್ಷನ್ನಿನ ದಾರಿಯನ್ನು ಮುಚ್ಚಿತು. 2019ರ ತಿದ್ದುಪಡಿಯ ಪ್ರಕಾರ ಆಫ್‌ಲೈನ್ ಪರಿಶೀಲನೆ (ಪ್ರಾಧಿಕಾರದ ಸರ್ವರಿಗೆ ಹೋಗದೆ ಕಾರ್ಡನ್ನೇ ನೋಡುವುದು) ಮಾಡುವವರು ಆಧಾರ್ ನಂಬರನ್ನು ಕೂಡಿಡುವ ಹಾಗಿಲ್ಲ. ಕಾರ್ಡಿನ ಕ್ಯೂಆರ್ ಸ್ಕ್ಯಾನ್ ಮಾಡಿ ಅಸಲಿಯೋ ಅಲ್ಲವೋ ನೋಡಿ ಬಿಟ್ಟುಬಿಡಬಹುದು. ಫೋಟೋ ತೆಗೆದು ಇಟ್ಟುಕೊಂಡರೆ ತೊಂದರೆ ಆ್ಯಪಿನವರಿಗೆ, ಅಂದರೆ ನಿಮಗೆ. ತಮಾಷೆ ನೋಡಿ, 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ 'ಜೆರಾಕ್ಸ್ ಕಂಡಕಂಡಲ್ಲಿ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ' ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ ದೆಹಲಿ ಅದನ್ನು ವಾಪಸ್ ಪಡೆಯಿತು, ಜನ ತಪ್ಪು ತಿಳಿಯಬಹುದು ಎಂದು. ಸಲಹೆ ಒಳ್ಳೆಯದೇ ಇತ್ತು.

ಪೊಲೀಸರ ಬಗ್ಗೆ. ತನಿಖೆಗೆ ದಾಖಲೆ ಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಪ್ರಕಾರ ಠಾಣಾಧಿಕಾರಿ ಲಿಖಿತ ಆದೇಶ ಕೊಡಬಹುದು. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) 91 ಇದ್ದದ್ದೇ ಈಗ 94. ಬಂದರೆ ಕೊಡಲೇಬೇಕು, ಸತಾಯಿಸಬೇಡಿ. ಆದರೆ ಕೇಳಿದ್ದಷ್ಟೇ. ಲಾಗಿನ್ ಕೊಡಿ ಎಂದು ಅದರಲ್ಲಿ ಎಲ್ಲೂ ಇಲ್ಲ. ಸಂಭಾಷಣೆ ಕದ್ದು ಕೇಳುವುದು, ಗೂಢಲಿಪಿ ಬಿಡಿಸುವುದು ಬೇರೆ ಲೆಕ್ಕ. ಅದು ಐಟಿ ಕಾಯಿದೆಯ 69ನೇ ಸೆಕ್ಷನ್ನಿಗೆ ಬರುತ್ತದೆ, ಗೃಹ ಕಾರ್ಯದರ್ಶಿಯ ಮಟ್ಟದ ಆದೇಶ ಬೇಕು. 2018ರ ಡಿಸೆಂಬರಿನಲ್ಲಿ ಕೇಂದ್ರ ಇದಕ್ಕೆ ಅಧಿಕಾರ ಇರುವ 10 ಸಂಸ್ಥೆಗಳ ಪಟ್ಟಿ ಹೊರಡಿಸಿದಾಗ ಗದ್ದಲ ಆದದ್ದು ನೆನಪಿರಬಹುದು. ಅಲ್ಲಿ ನ್ಯಾಯಾಧೀಶರ ಸಹಿ ಎಂಬುದೇ ಇಲ್ಲ. ನನ್ನ ಮಟ್ಟಿಗೆ ಅದೇ ಅದರ ದೊಡ್ಡ ದೋಷ.

ಈಗ ಮೇಲಿನವರ ಮಾತಿಗೆ ಒಂದು ಕೊಕ್ಕೆ. 'ಬೇಗ ಅಳಿಸಿದರೆ ಆಯ್ತು' ಎಂದುಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಮುಖ್ಯ ಭಾಗಗಳು ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಅದರಲ್ಲಿ ವೈಯಕ್ತಿಕ ಮಾಹಿತಿ ಮತ್ತು ಅದರ ಲಾಗ್‌ಗಳನ್ನು ಕನಿಷ್ಠ 1 ವರ್ಷ ಇಟ್ಟುಕೊಳ್ಳಬೇಕು ಎಂಬ ನಿಯಮವೂ ಇದೆ, ಸರ್ಕಾರ ಕೆಲವು ಕಾರಣಗಳಿಗೆ ಕೇಳಿದರೆ ಕೊಡಲು. ಜೊತೆಗೆ, ಜೋಪಾನ ಮಾಡದೆ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ. ಅಂದರೆ ಒಮ್ಮೆ ತೆಗೆದುಕೊಂಡಿರೋ, ವರ್ಷಪೂರ್ತಿ ಕಾಯುವ ಹೊಣೆ ನಿಮ್ಮದು.

ಹನ್ನೆರಡು ವರ್ಷದಿಂದ ಬ್ಯಾಕೆಂಡ್ ಬರೆಯುತ್ತಿರುವವನು:
ಒಂದು ವರ್ಷದ ನಿಯಮ ನನ್ನ ಗಮನಕ್ಕೆ ಬಂದಿರಲಿಲ್ಲ ಸಾರ್, ಥ್ಯಾಂಕ್ಸ್. ಹಾಗಾದರೆ ಕೇಳಿದವರಿಗೆ ನನ್ನ ಸಲಹೆ ಬದಲಾಯಿತು. ಅಳಿಸುವ ಕೋಡ್ ಆಮೇಲೆ ಬರೆಯಿರಿ. ಮೊದಲು ಫಾರಂನಿಂದಲೇ ಖಾನೆಗಳನ್ನು ತೆಗೆಯಿರಿ. ಕಾಯಿದೆ ಇಟ್ಟುಕೋ ಅನ್ನುವುದು ನಿಮ್ಮ ಹತ್ತಿರ ಇರುವುದನ್ನು. ಇಲ್ಲದ್ದನ್ನು ಇಡು ಅನ್ನುವುದಿಲ್ಲ. 2016ರಲ್ಲಿ ಅಮೆರಿಕದಲ್ಲಿ ಸಿಗ್ನಲ್ ಎಂಬ ಮೆಸೇಜ್ ಆ್ಯಪಿನವರಿಗೆ ಕೋರ್ಟಿನ ಸಮನ್ಸ್ ಬಂದಿತ್ತು. ಅವರು ಏನೂ ಮುಚ್ಚಿಡಲಿಲ್ಲ, ಇದ್ದದ್ದನ್ನೆಲ್ಲ ಕೊಟ್ಟರು. ಇದ್ದದ್ದು ಎರಡೇ: ಖಾತೆ ತೆರೆದ ಹೊತ್ತು, ಕೊನೆಯ ಸಲ ಸರ್ವರ್‌ಗೆ ಬಂದ ದಿನ. ಆ ಆ್ಯಪ್ ಕಟ್ಟಿದ್ದೇ ಹಾಗೆ. ನಿಮಗೆ ಗಾಡಿ ನಂಬರು, ಮನೆ ನಂಬರು, ಹೊತ್ತು ಇಷ್ಟೇ ಸಾಕಾಗುತ್ತದೆ ಅಂತ ಕಾರ್ಯದರ್ಶಿಯವರೇ ಹೇಳಿದ್ದಾರೆ. ಬಂದವರ ಫೋನ್ ನಂಬರ್ ಬೇಕೇ ಬೇಕಾ? ಮನೆಯವರಿಗೆ ಕರೆ ಹೋದರೆ ಸಾಕಲ್ವಾ?

ದಾವಣಗೆರೆಯವರು:
ಮೇಷ್ಟ್ರ 10,000 ವಾಪಸ್ ಬಂತಾ?

ಮಂಗಳೂರಿನವರು, ನಿವೃತ್ತ ಮೇಷ್ಟ್ರು:
ಬಂತು. ಆದರೆ ನಾಲ್ಕು ತಿಂಗಳು ಓಡಾಡಿದೆ. ನಿಮ್ಮ ಅಪ್ಪ ಅಮ್ಮನ ಬಯೋಮೆಟ್ರಿಕ್ ಇವತ್ತೇ ಲಾಕ್ ಮಾಡಿಸಿ.

ಮೈಸೂರಿನವರು:
ಒಂದೇ ಮಾತು. 2020ರ ಮಾರ್ಚ್‌ನಲ್ಲಿ ಹೊರದೇಶದಿಂದ ಬಂದು ಕ್ವಾರಂಟೈನ್‌ನಲ್ಲಿದ್ದೆ. ವಿಳಾಸ ಇದ್ದ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಗಂಟೆಗೊಂದು ಸೆಲ್ಫಿ ಕಳಿಸಿದ್ದಕ್ಕೆ ನನಗೆ ಬೇಜಾರಿಲ್ಲ, ಕಾಲ ಹಾಗಿತ್ತು. ಆದರೆ ಕ್ವಾರಂಟೈನ್ ಮುಗಿದು ಎರಡು ತಿಂಗಳಾದರೂ ಹಾಲಿನವನು ಗೇಟಿನ ಹೊರಗೇ ಪ್ಯಾಕೆಟ್ ಇಟ್ಟು ಓಡುತ್ತಿದ್ದ. ಪಟ್ಟಿ ಮಾಡಿದವರು ಯಾವಾಗಲೋ ಮರೆತಿದ್ದರು, ಬೀದಿಯವರು ಮರೆತಿರಲಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮತ್ತೆ ಮೀಟಿಂಗ್ ಆಯಿತು. ವಕೀಲರ 250 ಕೋಟಿ ಮಾತು ಹೇಳಿದ ತಕ್ಷಣ ಖಜಾಂಚಿ ಕನ್ನಡಕ ತೆಗೆದು ಇಟ್ಟರು, ಆಧಾರ್ ಮತ್ತು ಬೆರಳು ಎರಡೂ ಕೈಬಿಟ್ಟರು. ಪೊಲೀಸ್ ಲಾಗಿನ್ ಬೇಡ, ಪತ್ರ ಬಂದರೆ ಕಾರ್ಯದರ್ಶಿ ಮತ್ತು ನಾವು ಇಬ್ಬರೂ ನೋಡಿ ಕೊಡುವುದು ಅಂತ ಬರೆದುಕೊಂಡಿದ್ದೇವೆ. ಮುಖದ ಫೋಟೋ ಇನ್ನೂ ಜಗಳದಲ್ಲೇ ಇದೆ. ಅಧ್ಯಕ್ಷರು ಬಿಡುತ್ತಿಲ್ಲ. ಅವರ ಅಮ್ಮನಿಗೆ ಎಂಬತ್ತಾರು ವರ್ಷ, ಹಗಲೆಲ್ಲ ಒಬ್ಬರೇ ಇರುತ್ತಾರೆ. ಅವರನ್ನೂ ಸುಮ್ಮನೆ ತಳ್ಳಿಹಾಕಲು ಆಗುತ್ತಿಲ್ಲ. ಅವರ ಮನೆಗೆ ಮಾತ್ರ ಬಾಗಿಲ ಕ್ಯಾಮೆರಾ ಹಾಕಿಸಿದರೆ ಸಾಕೇನೋ ಅಂತ ನೋಡುತ್ತಿದ್ದೇವೆ.

ಬಿ.ಕಾಂ. ಓದುತ್ತಿರುವವರಿಗೆ ಒಂದು ವಿಷಯ ಹೇಳಬೇಕು. ಕೆಲಸದವರಿಗೆ ಸ್ಟಾರ್ ಕೊಡುವ ಬಟನ್ ನಮ್ಮ ಆ್ಯಪಿನಲ್ಲೂ ಇದೆ. ಕಮಿಟಿ ಕೇಳಿರಲಿಲ್ಲ. ಬೇರೆ ಆ್ಯಪ್‌ಗಳಲ್ಲಿ ಇದೆ ಅಂತ ಒಂದು ಶನಿವಾರ ಕೂತು ನಾನೇ ಬರೆದದ್ದು. ನಿಮ್ಮದನ್ನು ಓದುವವರೆಗೂ ಅದು ನೆನಪಿಗೇ ಬಂದಿರಲಿಲ್ಲ. ಮುಂದಿನ ವರ್ಶನ್‌ನಲ್ಲಿ ತೆಗೆಯುತ್ತಿದ್ದೇನೆ.

ಮನೆಗೆಲಸ ಮಾಡುವವರ ಮಗಳು:
ತೆಗೆದ ಮೇಲೆ ಹೇಳಿ ಅಣ್ಣ. ಬ್ಯಾಕಪ್‌ನಲ್ಲೂ ನೋಡಿ.